ಗಿಟಾರಿನವನಿಗೂ ಒಂದು ವಂದನೆ

ಈ ಜಗತ್ತಿನಲ್ಲಿ ನನಗೆ ನೆಟ್ಟಗೆ ಮಾಡಲು ಬರುವ ಕೆಲಸ ಒಂದೇ, ಅದು ವಂದನಾರ್ಪಣೆ. ಹಾಡಲು ಬಾರದು, ಭಾಷಣ ಮಾಡಲು ವಿಷಯವಿಲ್ಲ, ನಾಟಕಕ್ಕೆ ನಿಂತರೆ ಮಾತು ಮರೆಯುತ್ತದೆ. ಮುಂಬಯಿಯ ನಮ್ಮ ಕನ್ನಡ ಸಂಘದವರು ಒಂದು ಸಲ ನನಗೆ ದ್ವಾರಪಾಲಕನ ಪಾತ್ರ ಕೊಟ್ಟು, ಎರಡನೆಯ ಅಂಕದ ಹೊತ್ತಿಗೆ ಈಟಿಯನ್ನು ವಾಪಸು ಇಸಕೊಂಡರು. ಆದರೆ ಮೈಕಿನ ಮುಂದೆ ನಿಂತು ಇಪ್ಪತ್ತು ನಿಮಿಷ ಬಿಡದೆ ಕೃತಜ್ಞತೆ ಹೇಳುವುದರಲ್ಲಿ ವಡಾಲದಿಂದ ಆಂಟಾಪ್ ಹಿಲ್‌ವರೆಗೆ ನನ್ನನ್ನು ಮೀರಿಸುವವರು ಇರಲಿಲ್ಲ. ನಮ್ಮಲ್ಲಿ ವಂದನಾರ್ಪಣೆ ನಾಟಕಕ್ಕೆ ಮೊದಲೇ ಆಗುತ್ತಿತ್ತು. ನಾಟಕ ಮುಗಿದ ಮೇಲೆ ಇಟ್ಟರೆ ಜನ ಲೋಕಲ್ ರೈಲು ಹಿಡಿಯಲು ಓಡುತ್ತಾರೆ, ವಂದನೆ ಸ್ವೀಕರಿಸಲು ಕುರ್ಚಿಗಳಷ್ಟೇ ಉಳಿಯುತ್ತವೆ. ನಾಟಕದ ಆಸೆಗೆ ಕೂತವರು ನನ್ನನ್ನು ಸಹಿಸಿಕೊಳ್ಳುತ್ತಿದ್ದರು. ಅದನ್ನು ನಾನು ಬಹಳ ವರ್ಷ ನನ್ನ ಮಾತಿನ ಮೋಡಿ ಎಂದುಕೊಂಡಿದ್ದೆ.

ಈ ಕೆಲಸ ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಒಂದು ವರ್ಷ ಪರದೆಗೆ ಹಗ್ಗ ತಂದುಕೊಟ್ಟವರೊಬ್ಬರ ಹೆಸರು ಬಿಟ್ಟುಹೋಯಿತು. ಆ ಮಹನೀಯರು ಮುಂದೆ ಎರಡು ವರ್ಷ ನನ್ನನ್ನು ಕಂಡ ತಕ್ಷಣ ರಸ್ತೆ ದಾಟಿ ಆಚೆ ಬದಿಯ ಫುಟ್‌ಪಾತಿಗೆ ಹೋಗುತ್ತಿದ್ದರು. ಅಂದಿನಿಂದ ನಾನು ಪ್ರತಿಯೊಂದು ಹೆಸರಿಗೂ ಒಂದು ಚೀಟಿ ಮಾಡಿ, ಮುಖ್ಯ ಅತಿಥಿಯಿಂದ ಹಿಡಿದು ಉಪ್ಪಿಟ್ಟು ಕಳಿಸಿದ ಹೋಟೆಲಿನವರವರೆಗೆ ಸಾಲಾಗಿ ಪೋಣಿಸಿಕೊಂಡು ಹೋಗುತ್ತಿದ್ದೆ. ಇನ್ನೊಂದು ನಿಯಮವನ್ನೂ ಮಾಡಿಕೊಂಡಿದ್ದೆ, ವೇದಿಕೆಯ ಮೇಲಿಂದ ನಮ್ಮ ಮನೆಯವರನ್ನು ಹೊಗಳಬಾರದು. ಕಾರ್ಯದರ್ಶಿಗಳು ಒಮ್ಮೆ ತಮ್ಮ ಮಗಳ ನೃತ್ಯವನ್ನು ಅಮೋಘ ಎಂದು ಬಣ್ಣಿಸಿದಾಗ, ಮುಂದಿನ ಸಭೆಯಲ್ಲಿ ಅದಕ್ಕೆ ಆಕ್ಷೇಪಣೆ ಎತ್ತಿದವನು ನಾನೇ. ಹುಡುಗಿ ಚೆನ್ನಾಗಿಯೇ ಕುಣಿದಿದ್ದಳು. ಆದರೂ ಶಿಸ್ತು ಶಿಸ್ತೇ ಎಂದು ಮೇಜು ಕುಟ್ಟಿ ಹೇಳಿದ್ದೆ.

ಇಂಥ ಶಿಸ್ತಿನ ಮನೆಗೆ ಎಪ್ಪತ್ತರ ದಶಕದಲ್ಲಿ ನನ್ನ ಹೆಂಡತಿ ಗಿರಿಜೆಯ ತಮ್ಮ ಸುಧಾಕರ ಬಂದು ಸೇರಿದ. ಉಡುಪಿಯ ಕಡೆಯವನು, ಹಡಗಿನ ಕಂಪನಿಯೊಂದರಲ್ಲಿ ಟೈಪಿಸ್ಟ್. ಆಂಟಾಪ್ ಹಿಲ್ಲಿನ ನಮ್ಮ ಮನೆ ಎಂದರೆ ಒಂದು ಕೋಣೆ, ಒಂದು ಅಡಿಗೆಮನೆ. ಅದರಲ್ಲಿ ಸುಧಾಕರನಿಗೆ ಜಾಗ ಮಾಡಬಹುದಾಗಿತ್ತು, ಅವನು ತಂದ ಗಿಟಾರಿಗೆ ಜಾಗ ಮಾಡುವುದೇ ಕಷ್ಟವಾಯಿತು. ಕೊನೆಗೆ ಕ್ಯಾಲೆಂಡರನ್ನು ಅಡಿಗೆಮನೆಗೆ ವರ್ಗ ಮಾಡಿ ಅದರ ಮೊಳೆಗೆ ಗಿಟಾರನ್ನು ತೂಗುಹಾಕಿದೆವು. ಅವನದೊಂದು ತಂಡವಿತ್ತು, ನಾಲ್ಕು ಜನ. ಹಾಡುವವನು ನಮ್ಮ ಸಂಘದ ಅಧ್ಯಕ್ಷರ ಮಗ ಅಶೋಕ. ಡ್ರಮ್ ಬಾರಿಸಲು ಒಬ್ಬ. ಗಿಟಾರಿಗೆ ಸುಧಾಕರನೂ ಸಾಂತಾಕ್ರೂಜಿನ ಪೀಟರನೂ. ಎರಡು ಗಿಟಾರು ಯಾಕೆ ಎಂಬ ಪ್ರಶ್ನೆ ನನಗೆ ಬಂದದ್ದುಂಟು. ಒಂದರ ತಂತಿ ಹರಿದರೆ ಇನ್ನೊಂದಿರಲಿ ಎಂದಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಸುಧಾಕರನಿಗೆ ಒಬ್ಬ ದೇವರಿದ್ದ. ವಿಲಾಯತಿಯ ಯಾವುದೋ ಹೆವಿ ಮೆಟಲ್ ತಂಡದಲ್ಲಿ ಲೀಡ್ ಗಿಟಾರ್ ನುಡಿಸುವವನು, ಉದ್ದ ಕೂದಲಿನ ಆಸಾಮಿ. ನಾನು ಕೆಲಸ ಮಾಡುತ್ತಿದ್ದುದು ಕಬ್ಬಿಣದ ವ್ಯಾಪಾರಿಯೊಬ್ಬನ ಆಫೀಸಿನಲ್ಲಿ. ದಿನವಿಡೀ ಹೆವಿ ಮೆಟಲ್ಲನ್ನು ಲಾರಿಯಿಂದ ಇಳಿಸುವ ಸದ್ದು ಕೇಳಿ ಮನೆಗೆ ಬಂದರೆ ಇಲ್ಲಿಯೂ ಅದನ್ನೇ ಇಳಿಸುತ್ತಿದ್ದಾರಲ್ಲ ಎಂದು ಮೊದಮೊದಲು ಗೊಣಗುತ್ತಿದ್ದೆ. ಪೀಟರನಿಂದ ತಂದ ರೆಕಾರ್ಡ್ ಪ್ಲೇಯರ್ ನಮ್ಮ ಟ್ರಂಕಿನ ಮೇಲೆ ತಿರುಗುತ್ತಿದ್ದರೆ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಪೇಪರು ಓದುತ್ತಿದ್ದೆ. ಒಂದು ಭಾನುವಾರ ಅವನು ಆ ಹತ್ತಿಯನ್ನು ಬಹಳ ಗೌರವದಿಂದ ತೆಗೆಸಿ ತನ್ನ ದೂರನ್ನು ನನ್ನ ಮುಂದಿಟ್ಟ. ಹಾಡಿಗೆ ಮೊದಲು ಹುಟ್ಟುವುದು ಇವನ ಗಿಟಾರಿನ ಎಳೆಯಂತೆ, ಗಾಯಕ ಬರುವುದು ಆಮೇಲಂತೆ. ಆದರೆ ಪೋಸ್ಟರಿನ ನಡುವೆ ನಿಲ್ಲುವವನು ಗಾಯಕ. ಹೋಗಲಿ, ಇವನೇನು ಹೆಸರಿಲ್ಲದವನಲ್ಲ, ಪ್ರಪಂಚಕ್ಕೆಲ್ಲ ಗೊತ್ತಿರುವವನು. ಹಾಗಿದ್ದೂ ಪತ್ರಿಕೆಯವರು ದೊಡ್ಡ ಗಿಟಾರುವಾದಕರ ಹೆಸರು ಬರೆಯುವಾಗ ಮೂವರನ್ನೋ ನಾಲ್ವರನ್ನೋ ಹೆಸರಿಸಿ ಇವನನ್ನು 'ಮುಂತಾದವರು' ಎಂಬಲ್ಲಿಗೆ ಸೇರಿಸಿಬಿಡುತ್ತಾರಂತೆ.

ಆ ಮಾತು ನನಗೆ ನಾಟಿತು. 'ಮುಂತಾದವರು' ಎಂಬುದರ ನೋವನ್ನು ವಂದನಾರ್ಪಣೆ ಮಾಡುವವನಿಗಿಂತ ಚೆನ್ನಾಗಿ ಯಾರು ಬಲ್ಲರು? ಅದರೊಳಗೆ ನೂಕಿದ ಮನುಷ್ಯ ಮತ್ತೆ ಹೊರಗೆ ಬರುವುದಿಲ್ಲ. ಇನ್ನೊಂದು ಸಲ ಹಾಕು ಎಂದೆ. ಈ ಸಲ ಗಾಯಕನನ್ನು ಬಿಟ್ಟು ಗಿಟಾರನ್ನೇ ಹಿಂಬಾಲಿಸಿದೆ. ನಿಜ ಹೇಳುತ್ತೇನೆ, ಆ ಗದ್ದಲದ ಅಡಿಯಲ್ಲಿ ಒಬ್ಬ ಮನುಷ್ಯ ತಲೆ ತಗ್ಗಿಸಿ ಮೈಮುರಿದು ದುಡಿಯುತ್ತಿದ್ದ. ಅವನ ಮೇಲೆ ನನಗೆ ಕನಿಕರ ಹುಟ್ಟಿತು. ಇವನಿಗೆ ಸಲ್ಲಬೇಕಾದ್ದು ಸಂದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಸುಧಾಕರ ಎಷ್ಟು ಖುಷಿಪಟ್ಟನೆಂದರೆ ಆ ಸಂಜೆ ಹೇಳದೆಯೇ ನೀರು ತುಂಬಿಸಿಟ್ಟ.

ಇಷ್ಟರಲ್ಲಿ ಕಣ್ಣು ತೋರಿಸಲಿಕ್ಕೆಂದು ನನ್ನ ಮಾವನವರು ಊರಿನಿಂದ ಬಂದರು. ಅವರು ಪ್ರಾಯದಲ್ಲಿ ಯಕ್ಷಗಾನದ ಮೇಳದಲ್ಲಿ ಮದ್ದಳೆ ಬಾರಿಸಿದವರು. ಜನ ವೇಷಧಾರಿಗಳನ್ನು ಕೊಂಡಾಡಿದರು, ಭಾಗವತರಿಗೆ ಶಾಲು ಹೊದಿಸಿದರು, ಮದ್ದಳೆಯವರನ್ನು ಊಟ ಆಯಿತಾ ಎಂದು ಕೂಡ ಕೇಳಲಿಲ್ಲ. ಬೇಸತ್ತು ಮದ್ದಳೆಯನ್ನು ಅಟ್ಟಕ್ಕೆ ಹಾಕಿದ್ದರು. ಈಗ ಮಗನೂ ಅದೇ ಹಾದಿ ಹಿಡಿದದ್ದು ಅವರ ಹೊಟ್ಟೆಗೆ ಬೆಂಕಿ ಬಿದ್ದಂತಾಗಿತ್ತು. ಉಡುಪಿಯಲ್ಲಿ ನೆಂಟರ ಬಟ್ಟೆ ಅಂಗಡಿಯಲ್ಲಿ ಅವನಿಗೊಂದು ಕೆಲಸ ಗೊತ್ತುಮಾಡಿ, ಹಿಂದಿರುಗುವಾಗ ಜೊತೆಯಲ್ಲೇ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿಯೇ ಬಂದಿದ್ದರು. ಸುಧಾಕರ ಅವರಿಗೂ ಆ ರೆಕಾರ್ಡು ಕೇಳಿಸಿದ. ಅವರು ಕಣ್ಣು ಮುಚ್ಚಿ ಕೇಳಿ, ಹಾಡುವವನ ಗಂಟಲು ಕೆಟ್ಟಿದೆ, ಆದರೆ ಬಾರಿಸುವವನಿಗೆ ಕೈ ಉಂಟು ಎಂದರು. ಅಷ್ಟು ಹೊತ್ತು ಮೆತ್ತಗಾಗಿದ್ದವರು ಆಮೇಲೆ ತಮ್ಮ ಕರಾರು ಹೇಳಿದರು.

"ನನ್ನ ಹೆಸರನ್ನು ಒಬ್ಬನಾದ್ರೂ ನಾಲ್ಕು ಜನರ ಎದುರು ಹೇಳಿದ್ದಿಲ್ಲ. ಇವನದ್ದು ಯಾರಾದ್ರೂ ಹೇಳ್ಲಿ ನೋಡುವ. ಹೇಳಿದ್ರೆ ನಾನು ಒಬ್ಬನೇ ಊರಿಗೆ ಹೋಗ್ತೇನೆ."

ಸುಧಾಕರ ನನ್ನ ಕಡೆ ನೋಡಿದ. ಸಂಘದ ವಾರ್ಷಿಕೋತ್ಸವ ಬರುವ ಭಾನುವಾರವೇ ಇತ್ತು. ನಾಟಕದವರು ಬಣ್ಣ ಹಚ್ಚಿಕೊಳ್ಳುವಷ್ಟು ಹೊತ್ತು ಸಭಿಕರನ್ನು ಹಿಡಿದಿಡಲು ಅವನ ತಂಡದ್ದೇ ಸಂಗೀತ. ವಂದನಾರ್ಪಣೆ ಯಥಾಪ್ರಕಾರ ನನ್ನದು. ಇದೊಂದು ದೊಡ್ಡ ವಿಷಯವೇ ಎಂದು ನಾನು ಅವನ ಬೆನ್ನು ತಟ್ಟಿ, ಅಲ್ಲೇ ಅವನೆದುರಿಗೇ ಒಂದು ಚೀಟಿ ಬರೆದು ಜೇಬಿಗೆ ಹಾಕಿಕೊಂಡೆ.

ಶಾಲೆಯೊಂದರ ಹಾಲಿನಲ್ಲಿ ಮಧ್ಯಾಹ್ನ ಕಾರ್ಯಕ್ರಮ. ಅಶೋಕ ಎರಡನೆಯ ಹಾಡಿನ ಅರ್ಧಕ್ಕೆ ಬಂದಾಗ ಮೈಕು ಗೊರಗೊರ ಎಂದು ಸತ್ತೇಹೋಯಿತು. ಅವನು ಬಾಯಿ ಆಡಿಸುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಆದರೆ ಗಿಟಾರುಗಳು ನಿಲ್ಲಲಿಲ್ಲ. ಮೈಕಿನವನು ವೈರು ಹುಡುಕಿ ಮುಗಿಸುವವರೆಗೂ ಹುಡುಗರು ನುಡಿಸಿಯೇ ನುಡಿಸಿದರು. ಜಡೆಗೆ ಮಲ್ಲಿಗೆ ಮುಡಿದು ಕೂತಿದ್ದ ಹೆಂಗಸರು ಸಹ ತಲೆದೂಗಿದರು. ಮೈಕು ಜೀವ ಪಡೆದ ಕೂಡಲೇ ಅಶೋಕ ಕೈ ಎತ್ತಿದ, ಚಪ್ಪಾಳೆಯೆಲ್ಲ ಅವನ ಪಾಲಾಯಿತು.

ಮುಂದೆ ನನ್ನ ಸರದಿ. ಚೀಟಿಗಳು ಒಂದೊಂದಾಗಿ ಸರಿಯುತ್ತಿದ್ದವು. ಸುಧಾಕರನ ಚೀಟಿ ಕೈಗೆ ಬಂತು. ತಲೆ ಎತ್ತಿ ನೋಡಿದರೆ ಮೂರನೆಯ ಸಾಲಿನಲ್ಲಿ ಗಿರಿಜೆ, ಪಕ್ಕದಲ್ಲಿ ಮುಂದಕ್ಕೆ ಬಾಗಿ ಕಿವಿಗೊಟ್ಟು ಕೂತ ಮಾವನವರು, ಅವರ ಸರಿ ಹಿಂದೆ ಕಾರ್ಯದರ್ಶಿಗಳು. ಅವರು ತುಟಿಯಲ್ಲೇ ನಗುತ್ತಿದ್ದರೆಂದು ನನಗೆ ಕಂಡಿತು. ಸ್ವಂತ ಹೆಂಡತಿಯ ತಮ್ಮನನ್ನು ವೇದಿಕೆಯಿಂದ ಹೊಗಳುವುದೇ? ಮೇಜು ಕುಟ್ಟಿದ ಕೈ ಇದೇ ಅಲ್ಲವೇ? ಚೀಟಿಯನ್ನು ಕೆಳಕ್ಕೆ ಸರಿಸಿದೆ. ಆಮೇಲೆ ನನ್ನ ಬಾಯಿಂದ ಹೊರಟದ್ದು, ಸುಮಧುರವಾಗಿ ಹಾಡಿದ ಶ್ರೀ ಅಶೋಕ ಮುಂತಾದವರಿಗೆ ಹೃತ್ಪೂರ್ವಕ ವಂದನೆಗಳು. ಮಾವನವರು ನಿಧಾನವಾಗಿ ಹಿಂದಕ್ಕೆ ಒರಗಿ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ನಾನು ಉಪ್ಪಿಟ್ಟಿನ ಹೋಟೆಲಿನವರಿಗೆ ಎರಡು ಸಲ ವಂದನೆ ಹೇಳಿ ಕೆಳಗಿಳಿದೆ.

ಮರುದಿನ ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಸುಖವಾಗಿರುತ್ತಿತ್ತು. ಸುಧಾಕರ ಗಿಟಾರನ್ನು ಮೊಳೆಯಿಂದ ಇಳಿಸಿ ಚಾದರದಲ್ಲಿ ಸುತ್ತಿ ಮಂಚದ ಅಡಿಗೆ ನೂಕಿದ. ಮಾವನವರು ಮುಂದಿನ ಮಂಗಳವಾರದ ಬಸ್ಸಿಗೆ ಎರಡು ಸೀಟು ಹೇಳಿ ಬಂದರು. ನಮ್ಮವನೇ ಅಲ್ಲವೇ, ಎಂಥ ಉಪಚಾರ ಎಂದು ಗಿರಿಜೆಯ ಹತ್ತಿರ ನಾನು ವಾದ ಹೂಡಿದೆ. ಅವಳು ರೊಟ್ಟಿ ಮಗುಚುತ್ತಾ ಹೇಳಿದ್ದು ಒಂದೇ ಮಾತು.

"ಪರದೇಶದವನಿಗೆ ಅನ್ಯಾಯ ಆಯ್ತು ಅಂತ ಇಡೀ ಭಾನುವಾರ ಮರುಗಿದ್ರಿ. ಇವ ನಮ್ಮ ಅಡಿಗೆಮನೆಯ ಬಾಗಿಲಲ್ಲೇ ಮಲಗ್ತಾನೆ."

ನನಗೆ ನಾಚಿಕೆಯಾಯಿತು. ವಾರವಿಡೀ ಊಟ ಸೇರಲಿಲ್ಲ, ಆಫೀಸಿನಲ್ಲಿ ಎರಡು ಪತ್ರ ತಪ್ಪು ವಿಳಾಸಕ್ಕೆ ಹೋದವು. ಭಾನುವಾರ ಬೆಳಿಗ್ಗೆ ಸಂಘದ ಸಭೆ, ಉತ್ಸವದ ವರದಿಯನ್ನು ಓದಿ ಒಪ್ಪಿಕೊಳ್ಳುವ ಶಾಸ್ತ್ರಕ್ಕೆ. ಮಾವನವರನ್ನೂ ಸುಧಾಕರನನ್ನೂ ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ವರದಿ ಓದಿ ಆದ ಕೂಡಲೇ ಎದ್ದು, ಇದಕ್ಕೊಂದು ತಿದ್ದುಪಡಿ ಇದೆ ಎಂದೆ. ಒಬ್ಬ ಕಲಾವಿದನಿಗೆ ನನ್ನಿಂದ ಅನ್ಯಾಯವಾಗಿದೆ, ಅವನು ನನ್ನ ಭಾವಮೈದುನ ಎನ್ನುವ ಒಂದೇ ಕಾರಣಕ್ಕೆ ಅವನ ಹೆಸರನ್ನು ನುಂಗಿದೆ ಎಂದು ಒಪ್ಪಿಕೊಂಡೆ. ಖಜಾಂಚಿ ರಾಮಣ್ಣನವರು, ಹಾಗಾದರೆ ನಾಟಕದಲ್ಲಿ ತಬಲಾ ಬಾರಿಸಿದವರೂ ಕೇಳುತ್ತಾರೆ, ಪೇಟಿಯವರೂ ಕೇಳುತ್ತಾರೆ, ಗಿಟಾರಿನವನದೇನು ವಿಶೇಷ ಎಂದರು. ನನಗೆ ಬೇಕಾಗಿದ್ದೂ ಅದೇ. ವಿಲಾಯತಿಯ ಆ ಉದ್ದ ಕೂದಲಿನವನ ಪರವಾಗಿ ಸುಧಾಕರ ಮಂಡಿಸಿದ್ದ ವಾದವನ್ನೆಲ್ಲ ನಾನು ಸುಧಾಕರನ ಪರವಾಗಿಯೇ ಮಂಡಿಸಿದೆ. ಹಾಡಿಗೆ ದಾರಿ ಹಾಕಿಕೊಡುವವನು ಲೀಡ್ ಗಿಟಾರಿನವನು, ಮೈಕು ಸತ್ತಾಗ ಉತ್ಸವದ ಮಾನ ಕಾಪಾಡಿದವನು ಅವನು, ಅವನನ್ನು 'ಮುಂತಾದವರು' ಎಂದ ನಾಲಿಗೆ ನನ್ನದು, ಅದನ್ನು ಕ್ಷಮಿಸಿ ಎಂದೆ. ಕಾರ್ಯದರ್ಶಿಗಳೇ ಎದ್ದು ಅನುಮೋದಿಸಿದರು. ಲೀಡ್ ಗಿಟಾರ್ ನುಡಿಸಿದ ಶ್ರೀ ಸುಧಾಕರ ಅವರಿಗೆ ವಿಶೇಷ ಕೃತಜ್ಞತೆ ಎಂದು ಗಟ್ಟಿಯಾಗಿ ಓದಿ ಬರೆದುಕೊಂಡರು. ಇದ್ದ ಹದಿನೈದು ಮಂದಿಯೂ ಚಪ್ಪಾಳೆ ತಟ್ಟಿದರು.

ಸುಧಾಕರ ಎದ್ದು ನಿಂತ. ಅವನ ಕಿವಿ ಕೆಂಪಾಗಿತ್ತು.

"ಭಾವ, ಲೀಡ್ ನುಡಿಸಿದ್ದು ನಾನಲ್ಲ. ಪೀಟರ್. ನಾನು ಯಾವಾಗ್ಲೂ ರಿದಮ್, ಹಿಂದೆ ನಿಂತು ತಾಳ ಹಿಡೀಲಿಕ್ಕೆ."

ಸಭೆ ನನ್ನ ಕಡೆ ತಿರುಗಿತು. ಎರಡು ವರ್ಷ ಒಂದೇ ಕೋಣೆಯಲ್ಲಿ ಆ ಗಿಟಾರು ನನ್ನ ಕಿವಿಯ ಪಕ್ಕದಲ್ಲಿ ನುಡಿದಿತ್ತು. ಅದು ಲೀಡೋ ರಿದಮ್ಮೋ ಎಂದು ನಾನು ಒಂದು ದಿನ ಕೇಳಿದವನಲ್ಲ. ಅವನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಹೆಸರೂ ಉಳಿಯುತ್ತಿತ್ತು, ಮುಂಬಯಿಯೂ ಉಳಿಯುತ್ತಿತ್ತು. ನಾನು ಹೆದರುತ್ತಾ ಮಾವನವರನ್ನು ನೋಡಿದೆ. ಅವರು ನಗುತ್ತಿದ್ದರು.

"ನನಗೆ ಅವತ್ತೇ ಗೊತ್ತಾಗಿದೆ. ಮೈಕ್ ಹೋದಾಗ ಉಳಿದವರು ಗಾಬರಿಯಲ್ಲಿ ತಾಳ ಬಿಟ್ಟು ಓಡ್ಲಿಕ್ಕೆ ಹೊರಟ್ರು, ಇವ ಹಿಡಿದು ನಿಲ್ಲಿಸಿದ. ನಾನು ಬಂದದ್ದು ಕಣ್ಣು ತೋರಿಸ್ಲಿಕ್ಕೆ, ಕಿವಿ ಸರಿಯೇ ಉಂಟು. ಹೆಸರು ಹೇಳಿದ್ರಲ್ಲ, ಸಾಕು. ತಪ್ಪು ನಿಮ್ಮದು, ಹೆಸರು ಅವನದ್ದು."

ಮಂಗಳವಾರ ಅವರು ಒಬ್ಬರೇ ಹೊರಟರು. ಇನ್ನೊಂದು ಸೀಟಿನಲ್ಲಿ ಗಿರಿಜೆ ಕಟ್ಟಿಕೊಟ್ಟ ಗಂಟು ಕಿಟಕಿಯ ಪಕ್ಕ ಆರಾಮವಾಗಿ ಕೂತು ಉಡುಪಿಗೆ ಹೋಯಿತು. ಬಸ್ಸು ಬಿಡುವ ಮುಂಚೆ ಮಾವನವರು ಮಗನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ತಂತಿ ಒತ್ತಿ ಜಡ್ಡುಗಟ್ಟಿದ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನಾನು ಆಚೆ ಮುಖ ಮಾಡಿ ನಿಂತೆ.

ಉಳಿದದ್ದು ಪೀಟರನ ಬಾಕಿ. ನಿಜವಾಗಿ ಲೀಡ್ ನುಡಿಸಿದವನು ಅವನು, ನಮ್ಮ ವರದಿಯಲ್ಲಿ ಅವನ ಹೆಸರಿರಲಿ, ನೆರಳೂ ಇರಲಿಲ್ಲ. ಮುಂದಿನ ಭಾನುವಾರ ಬಾಂದ್ರಾದಲ್ಲಿ ಗಾಡಿ ಬದಲಿಸಿ ಸಾಂತಾಕ್ರೂಜಿಗೆ ಹೋದೆ. ಪೀಟರ್ ಮನೆಯ ಮೆಟ್ಟಿಲ ಮೇಲೆ ಕೂತು ತಂತಿ ಬಿಗಿಯುತ್ತಿದ್ದ. ಉತ್ಸವದಲ್ಲಿ ನೀನು ಅದ್ಭುತವಾಗಿ ನುಡಿಸಿದೆ, ಹೆಸರು ಹೇಳದೆ ತಪ್ಪುಮಾಡಿದೆವು ಎಂದು ನನ್ನ ಕಬ್ಬಿಣದಂಗಡಿಯ ಹಿಂದಿಯಲ್ಲಿ ಹೇಳಿದೆ. ಅವನು ಸಂಕೋಚದಿಂದ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡು, ಯಾರಿವರು ಎಂದು ಬಹಳ ಹೊತ್ತು ನನ್ನ ಮುಖ ನೋಡಿದ. ಇಪ್ಪತ್ತು ನಿಮಿಷ ಅದೇ ವೇದಿಕೆಯ ಮೇಲೆ ಮಾತಾಡಿದವನ ಮುಖವದು. ಕೊನೆಗೆ ಅವನ ಕಣ್ಣು ಅರಳಿತು.

"ಅರೆ ಅಂಕಲ್, ಉಸ್ ದಿನ್ ಕುರ್ಸಿ ಆಪ್‌ನೇ ಲಗಾಯಾ ಥಾ ನಾ? ಬಹುತ್ ಅಚ್ಛಾ ಲಗಾಯಾ ಥಾ. ಥ್ಯಾಂಕ್ ಯೂ."

ಅಂದು ಕುರ್ಚಿ ಹಾಕಿದವರು ಖಜಾಂಚಿ ರಾಮಣ್ಣನವರು. ನಾನು ಹೌದೆಂದೆ.