ಟಾಂಗಾ ಕುದುರೆಗೆ ಒಂದು ದಿನದ ರಜೆ

ನಾಲ್ಕು ಜನ ಸೇರಿ ಕೂತು ಯೋಚಿಸಿ ಕೈಹಾಕಿದ ಕೆಲಸ ನಮ್ಮ ಕ್ವಾರ್ಟರ್ಸಿನಲ್ಲಿ ಯಾವಾಗಲೂ ಅಡ್ಡದಾರಿ ಹಿಡಿಯುತ್ತಿತ್ತು. ಯೋಚಿಸದೆ ಮಾಡಿದ್ದು ಮಾತ್ರ ಹೇಗೋ ನೆಟ್ಟಗಾಗುತ್ತಿತ್ತು.

ಎಂಬತ್ತರ ದಶಕದಲ್ಲಿ ನಾನು ನಾಗಪುರದಲ್ಲಿ ಬ್ಯಾಂಕ್ ನೌಕರ. ನಮ್ಮ ಕ್ವಾರ್ಟರ್ಸಿನ ಮಕ್ಕಳನ್ನು ಹದಿನಾಲ್ಕು ವರ್ಷ ಶಾಲೆಗೆ ಕರೆದೊಯ್ದವರು ಒಬ್ಬ ಟಾಂಗಾವಾಲಾ. ಎಲ್ಲರಿಗೂ ಅವರು ಚಾಚಾ. ಆಟೋಗಳು ಹೆಚ್ಚಾದ ಮೇಲೆ ಟಾಂಗಾ ಕೇಳುವವರಿಲ್ಲದೆ ಅವರು ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಕಾವಲುಗಾರರಾಗಲು ಒಪ್ಪಿದರು. ಹೆಣ್ಣು ಕುದುರೆ ರಾಣಿಯನ್ನು ಒಂದು ಸೋಮವಾರ ಬೇರೆ ಊರಿನ ಭಾವಮೈದುನನಿಗೆ ಒಪ್ಪಿಸುವುದೆಂದು ನಿಶ್ಚಯವಾಯಿತು. "ಹೋಗೋ ಮುಂಚೆ ಒಂದು ದಿನ ಅವಳು ಗಾಡಿ ಇಲ್ಲದೆ, ನೀರಿನ ಪಕ್ಕ ಹುಲ್ಲು ಮೇಯಬೇಕು ಸಾಬ್. ಅಷ್ಟೇ ನನ್ನ ಆಸೆ," ಎಂದರು ಚಾಚಾ. ಕೋರಾಡಿ ಕಡೆಯ ಕೆರೆ ಉದ್ಯಾನದಲ್ಲಿ ಶನಿವಾರ, ಭಾನುವಾರ ಡೇರೆ ಹಾಕಿ, ರಾಣಿಯನ್ನೂ ಚಾಚಾರ ತಮ್ಮನ ಕುದುರೆಯನ್ನೂ ಕರೆದೊಯ್ಯುವುದೆಂದು ನಾವೂ ಮೇಲಿನ ಮನೆಯವರೂ ಕೂಡಿ ತೀರ್ಮಾನಿಸಿದೆವು.

ಒಗ್ಗರಣೆ

ಮೊದಲ ನಾಲ್ಕು ಸಂಜೆ ನಮ್ಮ ಊಟದ ಚರ್ಚೆಗೇ ಹೋದವು. ಮೇಲಿನ ಮನೆಯ ಆಡಿಟ್ ಸಾಹೇಬರು ಮೈಸೂರಿನವರು, ಪುಳಿಯೋಗರೆ ಬಿಟ್ಟುಕೊಡಲಿಲ್ಲ. ನಾವು ಧಾರವಾಡದ ಕಡೆಯವರು, ಜೋಳದ ರೊಟ್ಟಿ ಬಿಡಲಿಲ್ಲ. ಐದನೆಯ ಸಂಜೆ ಚಾಚಾ ಮೆಲ್ಲಗೆ ಕೇಳಿದರು: "ಕುದುರೆಗಳಿಗೆ?"

ಯಾರಿಗೂ ಹೊಳೆದಿರಲಿಲ್ಲ. ನೆನೆಸಿದ ಕಡಲೆ ಸಾಕು ಎಂದರು ಚಾಚಾ. ನನ್ನ ಹೆಂಡತಿ, "ಅಲ್ರಿ, ಬರೇ ಕಡ್ಲಿ ಹ್ಯಾಂಗ ತಿಂತಾವ? ಅವೂ ನಮ್ಮ ಮನಿ ಮಂದೀನ," ಎಂದು ಮರುದಿನವೇ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ಒಂದು ಬೋಗುಣಿ ಉಸಲಿ ಮಾಡಿ ರಾಣಿಯ ಮುಂದಿಟ್ಟಳು. ಕುದುರೆ ಬೋಗುಣಿಯನ್ನೂ ನೆಕ್ಕಿತು.

ಮೂರು ದಿನ ಬಿಟ್ಟು ಚಾಚಾ ಸಪ್ಪೆ ಮುಖ ಹಾಕಿಕೊಂಡು ಬಂದರು. "ಭಾಭೀ, ಸಾದಾ ಕಡಲೆ ಇಟ್ಟರೆ ಮೂಸಿ ನೋಡಿ ನನ್ನ ಮುಖ ನೋಡ್ತಾಳೆ. ನಮ್ಮ ಮನೇಲಿ ನಮಗೇ ಒಗ್ಗರಣೆ ಇಲ್ಲ."

ಅರ್ಜಿ

ಉದ್ಯಾನದಲ್ಲಿ ತಂಗಲು ಅನುಮತಿ ಬೇಕಿತ್ತು. ಅರ್ಜಿಯಲ್ಲಿ ಕುದುರೆಗೆ ಜಾಗವಿರಲಿಲ್ಲ, ವಾಹನಕ್ಕಿತ್ತು. ಯಾವ ಕಾಲಂ ಕೂಡ ಖಾಲಿ ಬಿಡಬಾರದೆಂಬುದು ಆಡಿಟ್ ಸಾಹೇಬರ ಇಡೀ ಜೀವನದ ನಿಷ್ಠೆ. ವಾಹನಗಳ ಸಂಖ್ಯೆ: ಎರಡು. ಬಣ್ಣ: ಒಂದು ಕಂದು, ಒಂದು ಬಿಳಿ. ತಯಾರಾದ ವರ್ಷ ಎಂಬಲ್ಲಿ ಚಾಚಾರನ್ನು ಕೂರಿಸಿಕೊಂಡು ಅರ್ಧ ಗಂಟೆ ವಿಚಾರಣೆ ನಡೆಸಿದರು. ಇಂಧನ: ಹುಲ್ಲು.

"ಇದನ್ನು ಓದಿದವರು ಏನಂದಾರು, ಸಾಹೇಬರೇ?" ಎಂದೆ.

"ಸ್ವಾಮೀ, ಓದಿದರೆ ತಾನೇ?" ಎಂದರು.

ಅವರ ಅನುಭವ ದೊಡ್ಡದು. ವಾರದಲ್ಲಿ ಅನುಮತಿ ಬಂತು, ಒಂದು ಷರತ್ತಿನೊಂದಿಗೆ: ರಾತ್ರಿ ವೇಳೆ ಎರಡೂ ವಾಹನಗಳ ಇಂಜಿನ್ ಪೂರ್ತಿ ಬಂದ್ ಮಾಡತಕ್ಕದ್ದು. ನಾನು ಅದನ್ನು ಹಿಂದಿಯಲ್ಲಿ ವಿವರಿಸಿದಾಗ ಚಾಚಾ ರಾಣಿಯ ಕತ್ತು ತಡವಿದರು. ಆಮೇಲೆ ಹೇಳಿದರು: "ಬಂದ್ ಮಾಡಬಹುದು ಸಾಬ್. ಆದರೆ ಬೆಳಿಗ್ಗೆ ಚಾಲೂ ಆಗಲ್ಲ."

ಸವಾರಿ

ಆಡಿಟ್ ಸಾಹೇಬರು ಸೀತಾಬರ್ಡಿ ಪೇಟೆಯಿಂದ ಹೊಸ ಕ್ಯಾನ್ವಾಸ್ ಬೂಟು ತಂದರು. ಕೆರೆ ದಂಡೆಯಲ್ಲಿ ಸವಾರಿ ಮಾಡುವ ಹಂಬಲ. ಮೊದಲೇ ಅಭ್ಯಾಸವಿರಲೆಂದು ಸ್ಟೂಲು ಹಾಕಿಕೊಂಡು ರಾಣಿಯ ಬೆನ್ನೇರಿದರು. ರಾಣಿ ಕಾಲು ಗಂಟೆ ಮಿಸುಕಲಿಲ್ಲ. ಗಾಡಿ ಎಳೆದು ಬಲ್ಲವಳೇ ಹೊರತು ಬೆನ್ನ ಮೇಲೆ ಮನುಷ್ಯರನ್ನು ಹೊತ್ತವಳಲ್ಲ. ಕೊನೆಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಟಾಂಗಾದ ಮುಂದೆ ಕುದುರೆ ಕಟ್ಟುವ ಎರಡು ಉದ್ದ ಕೋಲುಗಳ ನಡುವೆ ತಾನೇ ಹೋಗಿ ನಿಂತಳು.

"ಏನಂತೆ ಇವಳಿಗೆ?" ಎಂದು ಮೇಲಿನಿಂದ ಸಾಹೇಬರು ಕೇಳಿದರು.

"ಸವಾರಿಯವರು ಸೀಟು ಬಿಟ್ಟು ಬೇರೆ ಕಡೆ ಕೂತಿದ್ದಾರೆ ಅಂತಾಳೆ," ಎಂದರು ಚಾಚಾ.

ಶಾಲೆಯ ಗೇಟು

ಶನಿವಾರ ಶಾಲೆಗೆ ರಜೆಯಿತ್ತು. ಚಾಚಾರ ತಮ್ಮನ ಟಾಂಗಾದಲ್ಲಿ ಹೆಂಗಸರು ಮುಂದೆ ಹೋದರು. ರಾಣಿಯ ಟಾಂಗಾದಲ್ಲಿ ಡೇರೆ, ಹಾಸಿಗೆ, ಸ್ಟೋವು, ಮೂವರು ಮಕ್ಕಳು, ಆಡಿಟ್ ಸಾಹೇಬರು, ನಾನು. ಆ ದಿನ ರಾಣಿಗೆ ಹೊಡೆಯುವ ಚಾಬೂಕು ಮುಟ್ಟುವುದಿಲ್ಲವೆಂದು ಚಾಚಾ ಆಣೆ ಹಾಕಿಕೊಂಡು, ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಕೆರೆಯ ದಾರಿಯಲ್ಲೇ ಶಾಲೆ. ಗೇಟು ಬಂದದ್ದೇ ರಾಣಿ ನಿಂತಳು. ಪುಸಲಾಯಿಸಿದರೂ ಇಲ್ಲ, ಲಗಾಮು ಜಗ್ಗಿದರೂ ಇಲ್ಲ. ಮಕ್ಕಳು ಇಳಿದರೆ ಹೊರಡುತ್ತಾಳೆಂದು ಅವರನ್ನು ಇಳಿಸಿದೆವು. ಹೊರಟಳು, ಮನೆಯ ಕಡೆಗೆ! ಎರಡು ಸಲ ತಿರುಗಿಸಿ ತಂದೆವು, ಎರಡು ಸಲವೂ ಗೇಟಿನಿಂದ ಹಿಂದಕ್ಕೇ ನಡೆದಳು. ಶಾಲೆಯಾಚೆ ಭೂಮಿ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಬಿಸಿಲೇರಿತು. ಚಾಚಾರ ಕಣ್ಣಲ್ಲಿ ನೀರು ತುಂಬಿತ್ತು. "ಬಿಡಿ ಸಾಬ್, ಅವಳ ನಸೀಬಿನಲ್ಲಿ ಕೆರೆ ಇಲ್ಲ," ಎಂದರು.

"ಆ ಪಟ್ಟಿಗಳನ್ನು ಬಿಚ್ಚಿ," ಎಂದರು ಆಡಿಟ್ ಸಾಹೇಬರು ಇದ್ದಕ್ಕಿದ್ದಂತೆ. "ಗಾಡಿ ಮೈಮೇಲಿರೋವರೆಗೂ ಅವಳು ಡ್ಯೂಟಿ ಮೇಲಿದ್ದಾಳೆ."

ಬಿಚ್ಚಿದೆವು. ರಾಣಿ ಮೈ ಕೊಡವಿ, ಚಾಚಾರ ಭುಜಕ್ಕೆ ಮೂತಿ ಒತ್ತಿ, ಅವರ ಹಿಂದೆ ಗೇಟು ದಾಟಿ ನಡೆದೇಬಿಟ್ಟಳು. ಉಳಿದದ್ದು ಸಾಮಾನು ತುಂಬಿದ ಟಾಂಗಾ. ಸಾಹೇಬರು ನನ್ನ ಮುಖ ನೋಡಿದರು, ನಾನು ಅವರದು. ಕೆರೆಗೆ ಇನ್ನೂ ಎರಡು ಮೈಲಿ.

ಗಾಡಿ ಎಳೆಯಲು ಎಡಕ್ಕೆ ಆಡಿಟ್, ಬಲಕ್ಕೆ ಬ್ಯಾಂಕು, ಹಿಂದಿನಿಂದ ದೂಡಲು ಮಕ್ಕಳು. ಬಸ್ಸಿನವರು ಕಿಟಕಿಯಿಂದ ಕತ್ತು ಹೊರಹಾಕಿ ನೋಡಿದರು. ರಾಣಿ ಮುಂದೆ ಮುಂದೆ, ರಸ್ತೆ ಬದಿಯ ಹುಲ್ಲಿಗೆ ಬಾಯಿ ಹಾಕುತ್ತ, ಸಾವಕಾಶವಾಗಿ ಹೋಗುತ್ತಿದ್ದಳು. ಏರಿನಲ್ಲಿ ನಾವಿಬ್ಬರೂ ಉಸಿರು ಕಟ್ಟಿ ನಿಂತೇಬಿಟ್ಟೆವು. ಅವಳೂ ನಿಂತು, ಹಿಂತಿರುಗಿ ನಮ್ಮನ್ನು ಬಹಳ ಹೊತ್ತು ನೋಡಿದಳು.

ಚಾಚಾ ಕಣ್ಣೊರೆಸಿಕೊಂಡು, ಆ ದಿನ ಮೊದಲ ಸಲ ನಕ್ಕರು.

"ಹೆದರಬೇಡಿ ಸಾಬ್, ಅವಳೂ ಚಾಬೂಕು ತಂದಿಲ್ಲ."