ಅಳತೆಗೆ ಸಿಕ್ಕ ಜನಾಂಗ

"ಪರದೆ ಮೇಲೆ ನಿಮ್ಮ ಮುಖ ಒಂದ್ಸಲ ಕಾಣಿಸ್ಲಿ ಅಳಿಯಂದಿರೇ, ಅವತ್ತಿಂದ ನಿಮ್ಮನ್ನ ಬಯ್ಯೋದೇ ಬಿಟ್ಟೆ!" ಎಂದು ಅತ್ತೆ ನಾಲ್ಕು ಜನರ ಮುಂದೆ ಆಡಿಬಿಟ್ಟಿದ್ದರು. ಅಷ್ಟು ಸಾಕಾಯಿತು. ಬೆಳಿಗ್ಗೆ ಇಸ್ತ್ರಿಯಣ್ಣ ಅಂಗಡಿಗೆ ಬೀಗ ಜಡಿದು, ಬೀದಿಯ ತುದಿಯಲ್ಲಿ ಬೀಡುಬಿಟ್ಟಿದ್ದ ಸಿನಿಮಾದವರ ಮುಂದೆ ಹೋಗಿ ನಿಂತ. ಮದುವೆಯಾದಾಗಿನಿಂದ ತಿಂದ ಬೈಗುಳಕ್ಕೆ ಇವತ್ತಾದರೂ ಮಂಗಳ ಹಾಡಬೇಕಿತ್ತು, ಪಾಪ.

ಅಂದು ದೇಶವೆಲ್ಲ ಒಂದೇ ಎನ್ನುವ ಹಾಡು. ಎಲ್ಲ ಸೀಮೆಯವರೂ ಅವರವರ ಉಡುಪಿನಲ್ಲಿ ಕೈ ಕೈ ಹಿಡಿದು ಕುಣಿಯಬೇಕು.

"ನಾನು ಕಡಲ ಕಡೆಯವನು ಸಾರ್," ಎಂದ ಇಸ್ತ್ರಿಯಣ್ಣ.

ಬಟ್ಟೆ ಹಂಚುವವನು ಇವನ ಹೊಟ್ಟೆ ನೋಡಿದ. "ಕಡಲಿನವರ ಅಂಗಿ ನಿಂಗೆ ಬಿಗಿಯಾಗುತ್ತೆ. ಈ ಸೈಜಲ್ಲಿ ಗುಡ್ಡದ ಜನ ಮಾತ್ರ ಉಳಿದಿದ್ದಾರೆ. ತಗೋ ಪೇಟ."

ಕುಣಿಯಲು ಬಂದಿದ್ದ ಬೀದಿಯ ವಾಚ್‌ಮನ್ ಅಪ್ಪಟ ಗುಡ್ಡದವನು, ಆದರೆ ಕಡ್ಡಿಯಂತಿದ್ದ. ಅವನ ಹೆಗಲಿಗೆ ಮೀನಿನ ಬಲೆ ಬಿತ್ತು. ಎದುರುಮನೆ ದರ್ಜಿ ಉದ್ದ ಇದ್ದದ್ದಕ್ಕೆ ಮರುಭೂಮಿಯವನಾದ. ಸಿನಿಮಾ ಅಂದರೆ ಹಾಗೇ, ಯಾರನ್ನ ಕೇಳೋದು?

ಹಾಡು ಶುರುವಾಯಿತು. ಇಸ್ತ್ರಿಯಣ್ಣನ ಕೈ ಹಿಡಿದಿದ್ದ ವಾಚ್‌ಮನ್‌ಗೆ ತಡೆಯಲಾಗಲಿಲ್ಲ. "ಅಣ್ಣಾ, ನಮ್ಮ ಪೇಟ ಹೀಗಾ ಸುತ್ತೋದು? ಒದ್ದೆ ಟವೆಲ್ ಸುತ್ತಿದ ಹಾಗಿದೆ," ಎನ್ನುತ್ತ ತುದಿ ಹಿಡಿದು ಎಳೆದ.

"ನೀನು ನಮ್ಮ ಬಲೇನ ಸೊಳ್ಳೆಪರದೆ ಥರ ಹೊದ್ಕೊಂಡಿದ್ದೀಯಲ್ಲ, ನಾನೇನಾದ್ರೂ ಅಂದ್ನಾ?"

ಪೇಟ ಬಿಚ್ಚಿಕೊಂಡು ದರ್ಜಿಯ ಕಾಲಿಗೆ ಸುತ್ತಿಕೊಂಡಿತು. ದರ್ಜಿ ಬಿದ್ದ, ಅವನ ಮೇಲೆ ಇನ್ನಿಬ್ಬರು ಬಿದ್ದರು. "ನಮ್ಮವನನ್ನ ಬೀಳಿಸ್ತೀರೇನೋ!" ಎಂದು ಯಾರೋ ಕೂಗಿದ್ದೇ ತಡ, ಎಲ್ಲರೂ ಕೈ ಕೈ ಮಿಲಾಯಿಸಿದರು. ಉಟ್ಟ ಬಟ್ಟೆ ನೋಡಿ ಹೊಡೆಯಬೇಕೋ ಹುಟ್ಟಿದ ಊರು ನೋಡಿ ಹೊಡೆಯಬೇಕೋ ತಿಳಿಯದೆ, ಸಿಕ್ಕಸಿಕ್ಕವರಿಗೆ ಬಾರಿಸಿದರು.

ಇಸ್ತ್ರಿಯಣ್ಣನಿಗೆ ಅಳುವೇ ಬಂತು. ಹಾಡು ನಿಂತರೆ ಮುಖ ಕಾಣುವುದು ಹೇಗೆ? ಪೆಟ್ಟಿಗೆಯೊಂದರ ಮೇಲೆ ಹತ್ತಿ, ಕೈಯೆರಡೂ ಎತ್ತಿ ಅರಚಿದ: "ಹೊಡೀಬೇಡ್ರೋ! ಹೊಡೀಬೇಡ್ರೋ!"

"ಕಟ್! ಅದ್ಭುತ!" ಎಂದು ನಿರ್ದೇಶಕ ಕುಣಿದಾಡಿದ. "ನಾಳೆಯ ಗಲಭೆ ಸೀನು ಇವತ್ತೇ ಮುಗೀತು. ಒಗ್ಗಟ್ಟನ್ನ ಕಂಪ್ಯೂಟರಲ್ಲಿ ಮಾಡ್ಕೊಳ್ಳೋಣ."

ಕ್ಯಾಮೆರಾ ಪಕ್ಕದ ಟೀವಿಯ ತುಂಬ ಇಸ್ತ್ರಿಯಣ್ಣನದೇ ಮುಖ! ಶೂಟಿಂಗ್ ನೋಡಲು ಬಂದಿದ್ದ ಅತ್ತೆಯನ್ನು ಅವನು ಕೂಗಿ ಕರೆದ. "ನೋಡಿ ಅತ್ತೆ, ನಾನೇ! ಇನ್ಮೇಲೆ ಬಯ್ಯೋ ಹಾಗಿಲ್ಲ!" ಆಮೇಲೆ ನಿರ್ದೇಶಕನನ್ನು ಕೇಳಿದ, "ಇದರಲ್ಲಿ ನಾನು ಯಾರು ಸಾರ್?"

"ಮಧ್ಯದ 'ಬೇಡ' ಕತ್ತರಿಸಿದ್ರೆ 'ಹೊಡೀರೋ' ಅಂತ ಆಗುತ್ತಲ್ಲ? ಗಲಭೆ ಎಬ್ಬಿಸಿ ದೇಶ ಒಡೆಯೋ ದ್ರೋಹಿ ನೀನೇ ಕಣಯ್ಯಾ!"

ಇಸ್ತ್ರಿಯಣ್ಣ ಓಡಿಹೋಗಿ ಟೀವಿಗೆ ಅಡ್ಡ ನಿಂತ.

"ಕೊಟ್ಟ ಮಾತು ಮಾತೇ ಅಳಿಯಂದಿರೇ, ನಾನಂತೂ ಬಯ್ಯಲ್ಲ," ಎಂದರು ಅತ್ತೆ. "ಇನ್ನು ಇಡೀ ದೇಶ ಒಂದಾಗಿ ಬಯ್ಯುತ್ತೆ."