ಇನ್ ಕನ್‌ಕ್ಲೂಷನ್ ಮತ್ತು ಇಸೋಣದ ಫ್ರೈ

ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಎಲ್ಲವೂ ಇತ್ತು. "ಕೊನೆಯ ಅಧ್ಯಾಯದಲ್ಲಿ ಕನ್‌ಕ್ಲೂಷನ್ನೇ ಇಲ್ವಲ್ಲ" ಎಂದು ಅಂಕೋಲೆಯ ಗೈಡ್ ಮೇಡಂ ಫೋನಿನಲ್ಲಿ ಹೇಳಿದರು. ಇಷ್ಟೇ ತಾನೇ ಎಂದುಕೊಂಡೆ. ಮೊಬೈಲಿನಲ್ಲಿ ಹುಡುಕಿದರೆ ಇಂಗ್ಲಿಷ್ ಬರಹ ಮುಗಿಸುವ ಮಾತುಗಳ ರಾಶಿಯೇ ಸಿಕ್ಕಿತು: ಇನ್ ಕನ್‌ಕ್ಲೂಷನ್, ಟು ಸಮ್ ಅಪ್, ಹೆನ್ಸ್. ಮೊದಲನೆಯದೇ ಹೆಚ್ಚು ಗಂಭೀರವಾಗಿ ಕಂಡಿದ್ದರಿಂದ ಅದನ್ನು ಪ್ರತಿ ಪ್ಯಾರಾದ ತಲೆಯ ಮೇಲೂ ಕೂರಿಸಿದೆ.

ಭಾನುವಾರ ಮೇಡಂ ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಗೇ ಬಂದು ಅಧ್ಯಾಯ ಕೇಳುವುದೆಂದಾಯಿತು. ಒಪ್ಪಿದರೆ ಪ್ರಬಂಧ ಸಲ್ಲಿಕೆ, ಇಲ್ಲದಿದ್ದರೆ ಇನ್ನೊಂದು ವರ್ಷ ಇದೇ ಪಾಡು. ಹೆಂಡತಿ ಶೋಭಾ ಇಸೋಣ ಮೀನಿನ ತುಂಡುಗಳಿಗೆ ಮಸಾಲೆ, ರವೆ ಹಚ್ಚಿಟ್ಟಳು.

"ಫ್ರೈ ಬಿಸಿಬಿಸಿ ಇರ್ಬೇಕು. ಓದು ಮುಗಿಯೂಕೆ ಬಂದಾಗ ‘ಜಾಲೆಂ’ ಹೇಳಿ, ಮೀನು ಕಾವಲಿಗೆ ಹಾಕ್ತೆ" ಎಂದಳು. ನಮ್ಮ ಮನೆಯ ಕೊಂಕಣಿಯಲ್ಲಿ ಜಾಲೆಂ ಎಂದರೆ ಆಯಿತು, ಮುಗಿಯಿತು.

"ಗೈಡ್ ಎದುರು ಜಾಲೆಂ ಹೇಳೂಕಾಗ್ತದಾ? ಇನ್ ಕನ್‌ಕ್ಲೂಷನ್ ಅಂತ ಕೇಳಿದ ಕೂಡ್ಲೆ ಹಾಕು" ಎಂದು ಅಪ್ಪಣೆ ಕೊಡಿಸಿದೆ.

ಗಡಿ ಊರಾದ ಮಾಜಾಳಿಯ ಜನ ಗೋವಾದಲ್ಲಿ ಮನೆ ಮಾಡದೆ, ದಿನಾ ಕೆಲಸಕ್ಕೆ ಹೋಗಿ ಬರುವುದೇಕೆ ಎಂಬುದು ನನ್ನ ಸಂಶೋಧನೆ. ಮೇಡಂ ಬಂದು ಕುಳಿತ ಕೂಡಲೇ ಓದತೊಡಗಿದೆ. ಮೊದಲ ಇನ್ ಕನ್‌ಕ್ಲೂಷನ್‌ಗೆ ಅಡುಗೆಮನೆಯಲ್ಲಿ ಚುರ್ರೆಂದಿತು. ಮುಂದಿನ ಪ್ಯಾರಾಕ್ಕೆ ಮತ್ತೆ ಚುರ್ರ್. ಆಗ ನನಗೆ ಹೊಳೆಯಿತು, ನನ್ನ ಎದೆಯೂ ಚುರ್ರೆಂದಿತು. ಮೇಡಂ ಕಣ್ಣುಮುಚ್ಚಿ ಕೇಳುತ್ತಿದ್ದರು, ನಿಲ್ಲಿಸುವಂತಿರಲಿಲ್ಲ. ನಾನು ಓದುತ್ತ ಹೋದೆ, ಇಸೋಣ ಹುರಿಯುತ್ತ ಹೋಯಿತು.

ಕೊನೆಗೆ ಶೋಭಾ ಸಟ್ಟುಗ ಹಿಡಿದು ಬಾಗಿಲಿಗೇ ಬಂದಳು. "ಇಲ್ನೋಡಿ, ಹುರಿಯೂಕೆ ಮೀನು ಖಾಲಿ. ಇನ್ನೂ ಎಷ್ಟು ಕನ್‌ಕ್ಲೂಷನ್ ಅದೆ?"

ಮೇಡಂ ಕಣ್ಣು ತೆರೆದರು. "ನಾನೂ ಅದೇ ಕೇಳ್ಬೇಕು ಅಂತಿದ್ದೆ. ಹೋಗ್ಲಿ, ಅವ್ರು ದಿನಾ ಹೋಗಿ ಬರೂದು ಎಂತಕ್ಕೆ? ಕನ್ನಡದಲ್ಲೇ ಹೇಳಿ."

ಹಾಳೆಗಳನ್ನು ಹಿಂದೆ ಮುಂದೆ ತಿರುವಿದೆ. "ಟು ಸಮ್ ಅಪ್..." ಎಂದೆ. ವರ್ಷಗಟ್ಟಲೆ ಮಾಜಾಳಿಗೆ ಅಲೆದು ಏನು ಕಂಡುಕೊಂಡೆನೆಂದು ನನಗೇ ಗೊತ್ತಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ತಣ್ಣಗಾದ ಇಸೋಣದಲ್ಲೇ ಊಟ ಮುಗಿಸಿ, ಅಧ್ಯಾಯವನ್ನು ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟು ಮೇಡಂ ಅಂಕೋಲೆಯ ಬಸ್ಸು ಹತ್ತಿದರು. ಪುಟ ಪುಟವೂ ಅಡ್ಡಗೀಟು. ಎಲ್ಲರೂ ಬರೆಯುತ್ತಾರೆಂದು ನಾನೂ ಕೊನೆಗೆ ಸೇರಿಸಿದ್ದ ಒಂದೇ ಒಂದು ವಾಕ್ಯಕ್ಕೆ ಸರಿ ಗುರುತು ಬಿದ್ದಿತ್ತು: "ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಅಧ್ಯಯನ ಆಗಬೇಕಾಗಿದೆ."